ಕೈಗೂ ಬ್ಲೇಡಿಗೂ ನಡುವೆ ಒಂದು ಕೋಲಿರಲಿ

ರಾಯಚೂರು

ಪ್ರೀತಿಯ ಗೆಳೆಯರೆ,

ನಿಮ್ಮ ಕಾಗದ ತಲುಪಿತು. ಮಗ ಹೈದರಾಬಾದಿನ ಇಂಟೀರಿಯರ್ ಕೆಲಸ ಬಿಟ್ಟು ಬಂದು ದೇವದುರ್ಗದಲ್ಲಿ ಸ್ವಂತ ಅಂಗಡಿ ಹಾಕಿದ್ದಾನೆ ಎಂದು ಓದಿ ತುಂಬ ಸಂತೋಷವಾಯಿತು. ದುಡಿಯುವ ಹುಡುಗರು ಗಂಟು ಕಟ್ಟಿಕೊಂಡು ಊರು ಬಿಡುವುದನ್ನೇ ನೋಡುತ್ತ ಬಂದ ಸೀಮೆ ನಮ್ಮದು. ಹೊರಗೆ ಕಲಿತ ಕಸುಬನ್ನು ಊರಿಗೆ ತಂದವನ ಬೆನ್ನು ತಟ್ಟಲೇಬೇಕು. ಮಾನ್ವಿ ಕಡೆಯಿಂದಲೂ ಬಾಗಿಲು, ಚೌಕಟ್ಟಿನ ಆರ್ಡರ್ ಬರುತ್ತಿವೆ, ಇಬ್ಬರು ಹುಡುಗರು ಕೈಕೆಳಗೆ ಕಲಿಯುತ್ತಿದ್ದಾರೆ, ಮೇಜಿನ ನಡುವಿನಿಂದ ಬ್ಲೇಡು ಮೇಲೆದ್ದು ತಿರುಗುವ ಹೊಸ ಟೇಬಲ್ ಸಾ ಕೂರಿಸಿಯಾಗಿದೆ ಎಂದೆಲ್ಲ ಬರೆದಿದ್ದೀರಿ. ಕೊನೆಗೆ ಹೀಗೊಂದು ಮಾತು ಸೇರಿಸಿದ್ದೀರಿ: "ಮಷೀನಿನ ಜೋಡಿ ಒಂದು ಪ್ಲಾಸ್ಟಿಕ್ ಕೋಲು ಕೊಟ್ಟಾರ. ಅದು ಎದಕ್ಕಂತ ಯಾರೂ ಕೇಳಿಲ್ಲ, ಮೂಲ್ಯಾಗ ಬಿದ್ದೈತಿ."

ನನ್ನ ಈ ಕಾಗದ ಪೂರ್ತಿ ಆ ಕೋಲಿನ ಬಗ್ಗೆ. ಅದರ ಹೆಸರು ಪುಶ್ ಸ್ಟಿಕ್. ತಳ್ಳುಗೋಲು ಅನ್ನೋಣ. ಅದರ ಜೊತೆಗೆ ಅಡಿಯಲ್ಲಿ ಚಪ್ಪಟೆ ಹಲಗೆಯೂ ಮೇಲೆ ಹಿಡಿಕೆಯೂ ಇರುವ ಇನ್ನೊಂದು ಸಾಧನ ಬೇಕು. ಅದು ಪುಶ್ ಬ್ಲಾಕ್, ತಳ್ಳುಹಲಗೆ. ಅಂಗಡಿಯ ಸಾಮಾನಿನಲ್ಲೆಲ್ಲ ಇವುಗಳಷ್ಟು ಅಗ್ಗದ್ದು ಬೇರೆ ಇಲ್ಲ. ಉಳಿದ ತುಂಡು ಪ್ಲೈವುಡ್ಡಿನಲ್ಲಿ ಎರಡನ್ನೂ ಮಾಡಿಕೊಳ್ಳಬಹುದು. ಆದರೆ ನಿಮ್ಮ ಮಗನ ಮತ್ತು ಆ ಇಬ್ಬರು ಹುಡುಗರ ಬೆರಳು ಉಳಿಯುವುದು ಈ ಎರಡರಿಂದ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನೀವು ಓದಿ, ಅವನಿಗೂ ಓದಿಸಿ.

ಮೊದಲು ನಮ್ಮ ಸೀಮೆಯ ಬಡಿಗತನವನ್ನು ನೆನೆಯೋಣ. ಕೃಷ್ಣೆ-ತುಂಗಭದ್ರೆಯರ ನಡುವಿನ ಈ ಎರೆನೆಲದ ಒಕ್ಕಲುತನ ನಿಂತದ್ದೇ ಬಡಿಗೇರ ಮನೆತನಗಳ ಕೈಗುಣದ ಮೇಲೆ. ಕೂರಿಗೆ, ಕುಂಟೆ, ನೊಗ, ಬಂಡಿಯ ಗಾಲಿ, ಮನೆಯ ತಲೆಬಾಗಿಲು, ತೊಟ್ಟಿಲು ಎಲ್ಲವೂ ಅವರ ಕೈಯಿಂದಲೇ ಬಂದವು. ಸುಗ್ಗಿ ಮುಗಿದ ಮೇಲೆ ರೈತ ಕೊಡುವ ಕಾಳಿನ ಆಯವೇ ಅವರ ವರ್ಷದ ದುಡಿಮೆ. ಸುರಪುರ ಸೀಮೆಯ ತಿಂಥಣಿ ಮೌನೇಶ್ವರರು ಇದೇ ವಿಶ್ವಕರ್ಮ ಕುಲದಲ್ಲಿ ಹುಟ್ಟಿ, ಹಿಂದೂ ಮುಸ್ಲಿಮರಿಬ್ಬರಿಗೂ ಗುರುವಾದವರು. ಕೃಷ್ಣೆಯ ಈಚೆಯ ನಮ್ಮ ದೇವದುರ್ಗದ ಕಸುಬುದಾರರು ಇವತ್ತಿಗೂ ಅವರಿಗೆ ನಡೆದುಕೊಳ್ಳುತ್ತಾರೆ. ಕಸುಬಿಗೆ ಇಷ್ಟು ಗೌರವ ಕೊಟ್ಟ ನೆಲ ಇದು.

ಆ ಕಸುಬಿನ ಹತಾರಗಳು ಬಾಚಿ, ಉಳಿ, ರಂದಾ, ಕೈಗರಗಸ. ನೆಲದ ಮೇಲೆ ಕುಳಿತು, ಕಟ್ಟಿಗೆಯನ್ನು ಕಾಲಲ್ಲಿ ಒತ್ತಿ, ಕೈಯಲ್ಲಿ ಹಿಡಿದು ಮಾಡುವ ಕೆಲಸ. ಅಲ್ಲಿ ಹತಾರ ಓಡುವುದು ನಮ್ಮ ತೋಳಿನ ಬಲದಿಂದ. ಕೈ ನಿಂತರೆ ಗರಗಸವೂ ನಿಂತಿತು. ಗರಗಸ ಜಾರಿ ಬೆರಳಿಗೆ ತಾಗಿದರೂ ನೋವು ತಿಳಿದ ಕ್ಷಣವೇ ತೋಳು ಹಿಂದೆ ಸರಿಯುತ್ತದೆ. ಗಾಯವಾಗುತ್ತದೆ, ಕೆಲವು ದಿನಗಳಲ್ಲಿ ಮಾಯುತ್ತದೆ. ಅಪ್ಪನಿಂದ ಮಗನಿಗೆ ಇಳಿದು ಬಂದ ಕೈಯಳತೆ, ಧೈರ್ಯ, ಹದ ಇವೆಲ್ಲ ಈ ಹತಾರಗಳ ಜೊತೆಗೇ ಬೆಳೆದವು.

ಟೇಬಲ್ ಸಾದ ಬಲ ನಮ್ಮದಲ್ಲ, ಮೋಟಾರಿನದು. ನಮ್ಮ ಕೈ ನಿಂತರೂ ಅದು ನಿಲ್ಲುವುದಿಲ್ಲ. ಎಂಥ ಹಳೆಯ ಮನೆತನದ ಕೈಗುಣವಿದ್ದರೂ ಆ ಯಂತ್ರದ ಮುಂದೆ ಕಾಪಾಡುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ. ನಾನು ಈ ಕಾಗದದಲ್ಲಿ ಹೇಳಬೇಕಾದದ್ದು ಇದೊಂದೇ ಮಾತು. ಮುಂದಿನದೆಲ್ಲ ಇದರ ವಿವರ.

ಲೆಕ್ಕ ಹಾಕಿ ನೋಡಿ. 10 ಇಂಚಿನ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 190 ಕಿ.ಮೀ. ಆ ಬ್ಲೇಡಿಗೆ 40 ಹಲ್ಲುಗಳಿದ್ದರೆ ಒಂದು ಸೆಕೆಂಡಿನಲ್ಲಿ 2,600ಕ್ಕೂ ಹೆಚ್ಚು ಹಲ್ಲುಗಳು ಒಂದೇ ಜಾಗವನ್ನು ದಾಟಿ ಹೋಗುತ್ತವೆ. ಏನೋ ಆಯಿತೆಂದು ಕಣ್ಣಿಗೆ ಕಂಡು ಕೈ ಹಿಂದೆಗೆಯಲು ಮನುಷ್ಯನಿಗೆ ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ 500ಕ್ಕೂ ಹೆಚ್ಚು ಹಲ್ಲುಗಳು ದಾಟಿರುತ್ತವೆ. ಹುಷಾರಾಗಿರುತ್ತೇನೆ, ತಾಗಿದರೆ ಕೈ ತೆಗೆಯುತ್ತೇನೆ ಅನ್ನುವ ಮಾತಿಗೆ ಅಲ್ಲಿ ವೇಳೆಯೇ ಇಲ್ಲ.

ಬೆರಳು ತಾನಾಗಿ ಹೋಗಿ ಬ್ಲೇಡಿಗೆ ತಾಗುವುದು ಒಂದು ಬಗೆ. ಅದಕ್ಕಿಂತ ಮೋಸದ್ದು ಇನ್ನೊಂದಿದೆ. ಬ್ಲೇಡಿನ ಮುಂದಿನ ಹಲ್ಲುಗಳು, ಅಂದರೆ ನಮ್ಮ ಕಡೆ ಇರುವವು, ಮೇಲಿನಿಂದ ಕೆಳಕ್ಕೆ ಇಳಿಯುತ್ತ ಕಟ್ಟಿಗೆಯನ್ನು ಟೇಬಲ್ಲಿಗೆ ಒತ್ತುತ್ತವೆ. ಹಿಂದಿನ ಹಲ್ಲುಗಳು ಕೆಳಗಿನಿಂದ ಎದ್ದು, ಬ್ಲೇಡಿನ ನೆತ್ತಿಯ ಮೇಲೆ ನಮ್ಮತ್ತಲೇ ಓಡಿ ಬರುತ್ತವೆ. ಕೊಯ್ದ ಹಲಗೆ ಸ್ವಲ್ಪ ಸೊಟ್ಟಗಾಗಿ ಆ ಹಿಂದಿನ ಹಲ್ಲುಗಳಿಗೆ ತಾಗಿತೋ, ಅಥವಾ ಬ್ಲೇಡಿಗೂ ಹಲಗೆಯನ್ನು ನೇರ ನಡೆಸುವ ಪಕ್ಕದ ಗೈಡಿಗೂ ನಡುವೆ ಬಿಗಿಯಾಗಿ ಸಿಕ್ಕಿತೋ, ಇಡೀ ಹಲಗೆ ಎತ್ತಿ ನಮ್ಮ ಮೇಲೇ ಎಸೆದಂತೆ ಬರುತ್ತದೆ. ಇದಕ್ಕೆ ಕಿಕ್‌ಬ್ಯಾಕ್ ಅನ್ನುತ್ತಾರೆ. ಹೊಟ್ಟೆಗೆ, ಎದೆಗೆ ಬಡಿಯುವ ಏಟು ಒಂದು ಅಪಾಯ. ಆ ಹೊತ್ತಿಗೆ ಕೈ ಎಲ್ಲಿರುತ್ತದೆ ಅನ್ನುವುದು ಇನ್ನೊಂದು. ಕೈ ಹಲಗೆಯನ್ನು ಮುಂದಕ್ಕೆ ನೂಕುತ್ತಿರುತ್ತದೆ. ಹಲಗೆ ಅಂಗೈ ಕೆಳಗಿನಿಂದ ಥಟ್ಟನೆ ಮಾಯವಾದರೆ, ನೂಕುತ್ತಿದ್ದ ಕೈ ನೂಕಿದ ದಿಕ್ಕಿಗೇ ಹೋಗುತ್ತದೆ. ಆ ದಿಕ್ಕಿನಲ್ಲಿ ಇರುವುದು ಬ್ಲೇಡು. ಬೆರಳು ದೂರವೇ ಇತ್ತಲ್ಲ, ಹೇಗೆ ಹೋಯಿತು ಎಂದು ಜನ ಆಮೇಲೆ ಕೇಳುತ್ತಾರೆ. ಹೋಗುವುದು ಹೀಗೆ.

ನಮ್ಮ ಕಡೆಯ ಕಟ್ಟಿಗೆಯನ್ನೂ ಇಲ್ಲಿ ನೆನೆಯಬೇಕು. ಬೇವಿನ ಎಳೆ ನೇರವಾಗಿರುವುದಿಲ್ಲ, ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಜಾಲಿ ಗಟ್ಟಿ, ಗಂಟು ಬಹಳ. ಹಳೆಯ ಮನೆಯ ತೊಲೆ, ಜಂತೆ ಬಿಚ್ಚಿ ಮತ್ತೆ ಕೊಯ್ಯುವಾಗ ಒಳಗೆ ಮುರಿದ ಮೊಳೆ ಉಳಿದಿರುತ್ತದೆ. ಸೊಟ್ಟ ಬೆಳೆದ ಮರದಲ್ಲಿ ಬಿಗಿತ ಅಡಗಿರುತ್ತದೆ. ಕೊಯ್ಯುತ್ತ ಹೋದಂತೆ ಆ ಬಿಗಿತ ಸಡಿಲಿ, ಸೀಳಿದ ಎರಡು ಹೋಳುಗಳು ಮತ್ತೆ ಒಂದಕ್ಕೊಂದು ಕೂಡಿ ಬ್ಲೇಡನ್ನು ಅವುಚಿ ಹಿಡಿಯುತ್ತವೆ. ಹಾಗಾಗದಂತೆ ತಡೆಯಲೆಂದೇ ಬ್ಲೇಡಿನ ಹಿಂದೆ ಒಂದು ತೆಳು ಉಕ್ಕಿನ ತಗಡು ಇರುತ್ತದೆ, ಅದೇ ರೈವಿಂಗ್ ನೈಫ್. ಅದನ್ನು ಅಡ್ಡಿಯೆಂದು ಬಿಚ್ಚಿ ಇಡುವವರು ಬಹಳ. ನಿಮ್ಮ ಮಗ ಬಿಚ್ಚಿದ್ದರೆ ಇವತ್ತೇ ಮತ್ತೆ ಕೂರಿಸಲಿ. ತಳ್ಳುಗೋಲು ಕೈಯನ್ನು ಕಾಯುತ್ತದೆ, ಆ ತಗಡು ಹಲಗೆ ಹಿಂದಕ್ಕೆ ಹಾರುವುದನ್ನು ತಡೆಯುತ್ತದೆ. ಎರಡೂ ಬೇಕು.

ಇನ್ನೊಂದು ಸಂಗತಿ. ರಾಯಚೂರಿನಲ್ಲೂ ತಾಲೂಕು ಊರುಗಳಲ್ಲೂ ಎಲ್ಲರ ಬಳಿ ಟೇಬಲ್ ಸಾ ಇರುವುದಿಲ್ಲ. ಕೈಯಲ್ಲಿ ಹಿಡಿಯುವ ಕಟರನ್ನು ಬೋರಲು ಮಾಡಿ, ಪ್ಲೈವುಡ್ ಹಲಗೆಯ ಕೆಳಗೆ ಬಿಗಿದು, ಹಲಗೆ ಸೀಳಿ ಬ್ಲೇಡು ಮೇಲೆ ಬರುವಂತೆ ಮಾಡಿ, ಸ್ವಿಚ್ಚನ್ನು ದಾರದಿಂದ ಕಟ್ಟಿಬಿಡುತ್ತಾರೆ. ಬಡತನದಲ್ಲಿ ಹುಟ್ಟಿದ ಜಾಣತನ ಅದು, ಆದರೆ ಬಹಳ ಅಪಾಯದ್ದು. 4 ಇಂಚಿನ ಮಾರ್ಬಲ್ ಕಟರ್ ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗುತ್ತದೆ. ಬ್ಲೇಡು ಚಿಕ್ಕದಾದರೂ ಅಂಚಿನ ವೇಗ ಗಂಟೆಗೆ ಸುಮಾರು 230 ಕಿ.ಮೀ. ಅದಕ್ಕೆ ಮೇಲೆ ಮುಚ್ಚಳವಿಲ್ಲ, ಹಿಂದೆ ತಗಡಿಲ್ಲ, ಥಟ್ಟನೆ ನಿಲ್ಲಿಸಲು ಸ್ವಿಚ್ಚೂ ಕೈಗೆ ಸಿಗುವುದಿಲ್ಲ. ಇಂಥ ಟೇಬಲ್ಲಿನ ಮುಂದೆ ದುಡಿಯುವ ಯಾರಾದರೂ ನಿಮಗೆ ಗೊತ್ತಿದ್ದರೆ, ಅದನ್ನು ಬಿಡಿಸಲು ಪ್ರಯತ್ನಿಸಿ. ಬಿಡುವವರೆಗಾದರೂ ಬರಿಗೈ ಹತ್ತಿರ ಒಯ್ಯದಂತೆ ತಳ್ಳುಗೋಲು ಕೊಡಿ.

ನಮಗಿಂತ ದೊಡ್ಡ ಬಲದ ಜೊತೆ ಕೆಲಸ ಮಾಡುವಾಗ ನಡುವೆ ಒಂದು ಕೋಲಿರಬೇಕು ಅನ್ನುವುದು ನಮ್ಮ ಊರಿಗೆ ಹೊಸ ಪಾಠವಲ್ಲ. ರಾಯಚೂರು ಕೋಟೆಯ ಪಶ್ಚಿಮ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿದ ಸುದ್ದಿಯನ್ನು ಹೇಳುವ ಶಾಸನ ಅದರ ಮೇಲಿದೆ. ಅಷ್ಟು ದೊಡ್ಡ ಕಲ್ಲನ್ನು ಗಣಿಯಿಂದ ತಂದದ್ದು ಹೇಗೆ ಎಂಬುದನ್ನೂ ಅಂದಿನವರು ಪಕ್ಕದಲ್ಲೇ ಗೆರೆಯಲ್ಲಿ ಕೊರೆದಿಟ್ಟಿದ್ದಾರೆ. ಗಟ್ಟಿ ಗಾಲಿಗಳ ಬಂಡಿ, ಅದನ್ನೆಳೆಯುವ ಕೋಣಗಳ ಉದ್ದ ಸಾಲು, ನಡುನಡುವೆ ಹುರಿದುಂಬಿಸುವ ಆಳುಗಳು. ಹಿಂದಿನ ಗಾಲಿಯ ಬಳಿ ಇರುವವರನ್ನು ನೋಡಿ. ಅವರು ಮೀಟುಗೋಲು ಕೊಟ್ಟು ಗಾಲಿಯನ್ನು ಮುಂದಕ್ಕೆ ನೂಕುತ್ತಿದ್ದಾರೆ, ಬರಿಗೈ ಇಟ್ಟಿಲ್ಲ. ಆ ಭಾರದ ಗಾಲಿಗೆ ಕೈ ಕೊಟ್ಟರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಏಳುನೂರು ವರ್ಷದ ಹಿಂದಿನ ನಮ್ಮೂರ ದುಡಿಮೆಗಾರರ ಈ ತಿಳಿವಳಿಕೆಯನ್ನು ಅಂಗಡಿಯ ಹುಡುಗರಿಗೆ ಒಮ್ಮೆ ಕರೆದೊಯ್ದು ತೋರಿಸಿ.

ಈಗ ಕೋಲು ಮಾಡುವ ಬಗೆ. ಉದ್ದ 45 ಸೆಂ.ಮೀ., ಅಂದರೆ ಒಂದೂವರೆ ಅಡಿ. ಇದಕ್ಕಿಂತ ಗಿಡ್ಡ ಬೇಡ. 12 ಮಿ.ಮೀ. ಪ್ಲೈವುಡ್ ಸಾಕು. ಮರದಲ್ಲೇ ಮಾಡುವುದಾದರೆ ಗಂಟಿಲ್ಲದ, ನೇರ ಎಳೆಯ ತುಂಡು ಆರಿಸಿಕೊಳ್ಳಲಿ. ತಳ್ಳುವ ತುದಿಯಲ್ಲಿ ಹಕ್ಕಿಯ ತೆರೆದ ಕೊಕ್ಕಿನಂಥ ಕಚ್ಚು ಹಾಕಬೇಕು. ಆ ಕಚ್ಚು ಹಲಗೆಯ ಹಿಂಬದಿಯ ಮೂಲೆಯನ್ನು ಕಚ್ಚಿ ಕೂರಬೇಕು, ಜಾರಬಾರದು. ಹಿಡಿಯುವ ತುದಿಯನ್ನು ದುಂಡಗೆ ತಿದ್ದಿ ಪಾಲಿಶ್ ಕಾಗದದಿಂದ ಉಜ್ಜಲಿ, ಇಡೀ ದಿನ ಹಿಡಿದರೂ ಕೈ ನೋಯಬಾರದು. ಕೊನೆಗೆ ಒಂದು ತೂತು ಕೊರೆದು ಮಷೀನಿನ ಪಕ್ಕದಲ್ಲೇ, ಬಲಗೈಗೆ ಎಟುಕುವ ಮೊಳೆಗೆ ತೂಗುಹಾಕಲಿ. ಒಂದಲ್ಲ, ನಾಲ್ಕು ಮಾಡಿಡಲಿ, ಏಕೆಂದರೆ ಕೋಲು ಬ್ಲೇಡಿಗೆ ತಾಗಿ ಸವೆಯುತ್ತದೆ. ಅದು ಸವೆಯಲೆಂದೇ ಇರುವುದು. ಕಬ್ಬಿಣದ ಸರಳನ್ನು ಮಾತ್ರ ಎಂದಿಗೂ ತಳ್ಳುಗೋಲಾಗಿ ಬಳಸಬಾರದು. ಬ್ಲೇಡಿನ ಹಲ್ಲಿನ ತುದಿ ಮುರಿದು ಕಣ್ಣಿಗೆ ಹಾರಬಹುದು.

ಬೇಲಿಗೆ ಜಾಲಿಮುಳ್ಳು ಹಾಕುವಾಗ ನಮ್ಮ ರೈತ ಮುಳ್ಳಿನ ಕಂಟಿಯನ್ನು ಬರಿಗೈಯಲ್ಲಿ ನೂಕುವುದಿಲ್ಲ, ಕವೆಗೋಲಿನಿಂದ ನೂಕಿ ಒತ್ತುತ್ತಾನೆ. ಹಾಗೆಂದು ಅವನನ್ನು ಯಾರೂ ಅಂಜುಬುರುಕ ಅನ್ನುವುದಿಲ್ಲ. ಗರಗಸದ ಮುಂದೆ ಕೋಲು ಹಿಡಿದವನಿಗೂ ಅದೇ ಮರ್ಯಾದೆ ಸಿಗಬೇಕು.

ಕೋಲಿಗೆ ಒಂದು ಕೊರತೆಯಿದೆ. ಅದು ಹಲಗೆಯನ್ನು ಒಂದೇ ಬಿಂದುವಿನಲ್ಲಿ ಮುಂದಕ್ಕೆ ನೂಕುತ್ತದೆ, ಮೇಲಿನಿಂದ ಅದುಮಿ ಹಿಡಿಯುವುದಿಲ್ಲ. ಹಲಗೆಯ ತುದಿ ಎದ್ದು, ತಿರುಗಿ ಹಿಂದಿನ ಹಲ್ಲುಗಳಿಗೆ ಸಿಗಬಹುದು. ಇದಕ್ಕೇ ತಳ್ಳುಹಲಗೆ ಬೇಕಾಗುವುದು. ಸುಮಾರು ಒಂದಡಿ ಉದ್ದದ ದಪ್ಪ ಪ್ಲೈವುಡ್ ಅಥವಾ ಮರದ ತುಂಡು. ಅಡಿ ಸಪಾಟು. ಹಿಂದಿನ ತುದಿಯಲ್ಲಿ 6 ಮಿ.ಮೀ.ನಷ್ಟು ಕೆಳಕ್ಕಿಳಿದ ಒಂದು ಹಿಮ್ಮಡಿ, ಅದು ಹಲಗೆಯ ಹಿಂದೆ ಸಿಕ್ಕಿಕೊಂಡು ನೂಕುತ್ತದೆ. ಮೇಲೆ ರಂದಾಕ್ಕೆ ಇರುವಂಥ ಹಿಡಿಕೆ. ಇದು ಒಂದೇ ಹೊತ್ತಿಗೆ ಕೆಳಕ್ಕೆ ಒತ್ತುತ್ತದೆ, ಮುಂದಕ್ಕೆ ನೂಕುತ್ತದೆ, ಕೈಯನ್ನು ಎತ್ತರದಲ್ಲಿಡುತ್ತದೆ. ಹಿಡಿಕೆಯನ್ನು ಮೊಳೆ, ಸ್ಕ್ರೂ ಹಾಕದೆ ಅಂಟಿನಿಂದಲೇ ಕೂಡಿಸಲಿ. ಬ್ಲೇಡು ಅಡಿಹಲಗೆಯನ್ನು ಕೊಯ್ದು ಮೇಲೆ ಬಂದರೂ ಲೋಹಕ್ಕೆ ತಾಗಬಾರದು. ಅಡಿಹಲಗೆ ಹಾಳಾದರೆ ಇನ್ನೊಂದು ಕೂಡಿಸುವುದು ಹತ್ತು ನಿಮಿಷದ ಕೆಲಸ.

ಯಾವಾಗ ಯಾವುದು? ಒಂದು ಗೆರೆ ಹಾಕಿಕೊಳ್ಳಲಿ. ಬ್ಲೇಡಿನ ಸುತ್ತ 15 ಸೆಂ.ಮೀ., ಅಂದರೆ ಒಂದು ಗೇಣಿಗಿಂತ ಕಡಿಮೆ ಜಾಗದೊಳಗೆ ಕೈ ಹೋಗಕೂಡದು. ಟೇಬಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಆ ಗೆರೆ ಬಳಿದೇ ಬಿಡಲಿ. ಅಗಲ ಹಲಗೆಯಾದರೆ ಮೊದಲ ಭಾಗವನ್ನು ಕೈಯಿಂದಲೇ ನಡೆಸಬಹುದು. ಆದರೆ ಕೊನೆಯ 30 ಸೆಂ.ಮೀ. ಬಂದಾಗ ತಳ್ಳುವ ಸಾಧನದಿಂದಲೇ ನೂಕಬೇಕು. ಇಡೀ ತುಂಡೇ 30 ಸೆಂ.ಮೀ.ಗಿಂತ ಗಿಡ್ಡವಾದರೆ ಮೊದಲಿನಿಂದಲೂ ಬೇಕು. ಈ 30 ಸೆಂ.ಮೀ. ಲೆಕ್ಕ ಬ್ರಿಟನ್ನಿನ ಸುರಕ್ಷತಾ ಸಂಸ್ಥೆ ಎಚ್‌ಎಸ್‌ಇ ಅಲ್ಲಿನ ಮರಗೆಲಸದವರಿಗೆ ಹೇಳುವ ಅಳತೆ, ನಮಗೂ ಸರಿಯಾಗಿ ಹೊಂದುತ್ತದೆ. ಕಿಟಕಿಯ ಬೀಡಿಂಗ್ ಪಟ್ಟಿಯಂಥ ತೀರ ಸಣ್ಣ ಪಟ್ಟಿಗಳನ್ನು ಬ್ಲೇಡಿಗೂ ಗೈಡಿಗೂ ನಡುವೆ ಕೊಯ್ಯದೆ, ಅಗಲ ಭಾಗವನ್ನು ಗೈಡಿನ ಕಡೆಗಿಟ್ಟು ಪಟ್ಟಿ ಹೊರಗಡೆ ಬೀಳುವಂತೆ ಕೊಯ್ಯುವುದು ಒಳ್ಳೆಯದು.

ಎಡಗೈಯ ಕೆಲಸ ಹಲಗೆಯನ್ನು ಗೈಡಿಗೆ ಒತ್ತಿ ಹಿಡಿಯುವುದು. ಅದಕ್ಕೂ ಇನ್ನೊಂದು ತಳ್ಳುಗೋಲು ಬಳಸಲಿ. ಆದರೆ ಒತ್ತುವುದು ಬ್ಲೇಡಿಗಿಂತ ಮುಂಚೆ, ನಮ್ಮ ಕಡೆಯ ಭಾಗದಲ್ಲಿ ಮಾತ್ರ. ಬ್ಲೇಡಿನ ಪಕ್ಕದಲ್ಲಿ ಅಥವಾ ಅದನ್ನು ದಾಟಿದ ಮೇಲೆ ಒತ್ತಿದರೆ ಕೊಯ್ದ ಸಂದು ಮುಚ್ಚಿ ಬ್ಲೇಡು ಸಿಕ್ಕಿಕೊಳ್ಳುತ್ತದೆ, ಹಲಗೆ ಹಾರುತ್ತದೆ. ಬಲಗೈಯ ಕೋಲು ಹಲಗೆಯನ್ನು ಬ್ಲೇಡು ಪೂರ್ತಿ ದಾಟುವವರೆಗೂ ನೂಕಬೇಕು. ನಡುವೆ ಬಿಟ್ಟು ಹಿಂದಕ್ಕೆ ಎಳೆಯಬಾರದು. ಬ್ಲೇಡಿನ ನೇರಕ್ಕೆ ನಿಲ್ಲದೆ ಸ್ವಲ್ಪ ಎಡಕ್ಕೆ ನಿಲ್ಲಬೇಕು. ಬ್ಲೇಡು ಹಲಗೆಯ ಮೇಲೆ ಒಂದು ಹಲ್ಲಿನಷ್ಟು ಕಂಡರೆ ಸಾಕು, ಅರ್ಧ ಬ್ಲೇಡು ಎತ್ತಿಡುವುದು ಬೇಡ. ಬಿದ್ದ ಚೂರುಗಳನ್ನು ಮಷೀನು ಬಂದ್ ಮಾಡಿ, ಬ್ಲೇಡು ಪೂರ್ತಿ ನಿಂತ ಮೇಲೆ ತೆಗೆಯಬೇಕು. ಸ್ವಿಚ್ ಆರಿಸಿದ ಮೇಲೂ ಬ್ಲೇಡು ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ. ಸದ್ದು ಕಡಿಮೆಯಾಯಿತೆಂದು ಕೈ ಹಾಕುವ ಆ ಹೊತ್ತು ಬಹಳ ಕೆಟ್ಟದ್ದು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಕೋಲು ಕೈಗೆ ಬರಬೇಕಾದದ್ದು ಸ್ವಿಚ್ ಹಾಕುವುದಕ್ಕೆ ಮೊದಲು. ಹಲಗೆ ಅರ್ಧ ಕೊಯ್ದ ಮೇಲೆ ಎಲ್ಲಿ ಕೋಲು ಎಂದು ತಿರುಗಿ ನೋಡಿದರೆ ಹಲಗೆ ಅಲುಗುತ್ತದೆ, ಕಣ್ಣು ಬ್ಲೇಡಿನಿಂದ ತಪ್ಪುತ್ತದೆ. ಆಗ ಕೋಲು ಇದ್ದೂ ಇಲ್ಲದಂತೆಯೇ.

ನಮ್ಮ ಊರಿನ ಕೆಲವು ರೂಢಿಗಳನ್ನೂ ಹೇಳಬೇಕು. ಹೆಗಲ ಮೇಲಿನ ಟವೆಲ್ ಮಷೀನಿನ ಬಳಿ ಬೇಡ. ಸಡಿಲ ತೋಳು, ಮುಂಗೈಗೆ ಕಟ್ಟಿದ ಉದ್ದ ದಾರ, ಜೋಲುವ ಲುಂಗಿ ಬೇಡ. ಕೈಗವಸು ಕಾಪಾಡುತ್ತದೆ ಎಂದು ಹಾಕಿಕೊಳ್ಳುವವರಿದ್ದಾರೆ. ಟೇಬಲ್ ಸಾದ ಮುಂದೆ ಕೈಗವಸಿನ ಬಟ್ಟೆಯ ಎಳೆ ಸಿಕ್ಕಿ ಕೈಯನ್ನೇ ಒಳಗೆಳೆಯುತ್ತದೆ. ಕರೆಂಟು ಹೋದ ಕೂಡಲೇ ಸ್ವಿಚ್ ಆರಿಸುವ ರೂಢಿ ಬೆಳೆಯಲಿ. ಕರೆಂಟು ಹೋಯಿತೆಂದು ಚಹಾ ಕುಡಿಯಲು ಹೋಗುವ ಮೊದಲೂ, ಬ್ಲೇಡಿನ ಬಳಿ ಕಸ ಗುಡಿಸುವ ಮೊದಲೂ ಸ್ವಿಚ್ ನೋಡಬೇಕು. ಕರೆಂಟು ಮರಳಿದಾಗ ತಾನಾಗಿ ತಿರುಗಲಾರಂಭಿಸುವ ಮಷೀನು ಯಾರಿಗೂ ಹೇಳಿ ಬರುವುದಿಲ್ಲ. ವೋಲ್ಟೇಜ್ ಕಡಿಮೆಯಿದ್ದಾಗ ಬ್ಲೇಡು ನಿಧಾನವಾಗಿ ಕಟ್ಟಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಮೈಭಾರ ಹಾಕಿ ನೂಕುವುದು ಮನುಷ್ಯ ಸ್ವಭಾವ. ಅದು ಕೆಲಸ ನಿಲ್ಲಿಸುವ ಹೊತ್ತು, ನೂಕುವ ಹೊತ್ತಲ್ಲ.

ಅವಸರವೂ ಒಂದು ಕಾರಣ. ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ದುಡ್ಡು, ದೇವದುರ್ಗದಲ್ಲಿ ನಾರಾಯಣಪುರ ಬಲದಂಡೆ ಕಾಲುವೆಯ ಬೆಳೆಯ ದುಡ್ಡು ಕೈಗೆ ಬಂದ ಮೇಲೆ ಮನೆ ಕಟ್ಟಿಸುವ ಕೆಲಸ ಒಮ್ಮೆಲೇ ಏಳುತ್ತದೆ. ಬೇಸಿಗೆಯ ಮದುವೆಯೊಳಗೆ ಬಾಗಿಲು ಕೂಡಬೇಕು, ಗೃಹಪ್ರವೇಶಕ್ಕೆ ಚೌಕಟ್ಟು ನಿಲ್ಲಬೇಕು. ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ಮಧ್ಯಾಹ್ನದ ತಗಡಿನ ಶೆಡ್ಡಿನಲ್ಲಿ ಬೆವರು ಕಣ್ಣಿಗಿಳಿಯುವಾಗ, ರಾತ್ರಿ ನಿದ್ದೆಗೆಟ್ಟು ಕೊಯ್ಯುವಾಗ ಗಮನ ತಪ್ಪುತ್ತದೆ. ಬಾಗಿಲು ಎರಡು ದಿನ ತಡವಾದರೆ ಮನೆಯವರು ನಾಲ್ಕು ಮಾತು ಅಂದಾರು, ಅಂದುಕೊಳ್ಳಲಿ.

"ಇಪ್ಪತ್ ವರ್ಷದಿಂದ ಬರಿಗೈಲೆ ಕೊಯ್ಯಾಕತ್ತೀನಿ, ಏನೂ ಆಗಿಲ್ಲ" ಅನ್ನುವ ಉಸ್ತಾದರನ್ನು ನೀವೂ ಕೇಳಿರುತ್ತೀರಿ. ಅವರ ಅನುಭವ ಸುಳ್ಳಲ್ಲ, ಅವರ ಕೈಗೆ ನಾನು ಕೈಮುಗಿಯುತ್ತೇನೆ. ಆದರೆ ಇಪ್ಪತ್ತು ವರ್ಷ ಆಗದಿದ್ದದ್ದು ನಾಳೆಯೂ ಆಗುವುದಿಲ್ಲ ಎಂದು ಬ್ಲೇಡು ಮಾತು ಕೊಟ್ಟಿಲ್ಲ. ಒಂದು ಅಡಗಿದ ಮೊಳೆ, ಒಂದು ಗಂಟು, ಹಿಂದಿನಿಂದ ಯಾರೋ ಕೂಗಿದ ಒಂದು ಕೂಗು ಸಾಕು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಕಲಿಯುವ ಹುಡುಗ ಉಸ್ತಾದನ ಮಾತು ಕೇಳಿ ಕಲಿಯುವುದಿಲ್ಲ, ಕೈ ನೋಡಿ ಕಲಿಯುತ್ತಾನೆ. ಉಸ್ತಾದ ಬರಿಗೈಯಲ್ಲಿ ಕೊಯ್ದರೆ ಹುಡುಗನೂ ಬರಿಗೈಯಲ್ಲೇ ಕೊಯ್ಯುತ್ತಾನೆ, ಉಸ್ತಾದನ ಇಪ್ಪತ್ತು ವರ್ಷ ಅವನ ಬಳಿ ಇರುವುದಿಲ್ಲ. ಆದ್ದರಿಂದ ನಿಮ್ಮ ಮಗ ತನಗೆ ಬೇಕೆನಿಸದಿದ್ದರೂ ಆ ಇಬ್ಬರು ಹುಡುಗರಿಗಾಗಿ ಕೋಲು ಹಿಡಿಯಲಿ. ಶಾಲೆಯ ರಜೆಯಲ್ಲಿ ಬರುವ, ಹದಿನೆಂಟು ತುಂಬದ ಮಕ್ಕಳನ್ನು ಆ ಮಷೀನಿನ ಬಳಿ ನಿಲ್ಲಿಸುವುದೇ ಬೇಡ.

ಇದು ನನ್ನೊಬ್ಬನ ಕಾಳಜಿಯಲ್ಲ. ಇಂಗ್ಲೆಂಡಿನಲ್ಲಿ ಮರಗೆಲಸದ ಯಂತ್ರಗಳಿಗೆಂದು 1922ರಲ್ಲೇ ನಿಯಮ ಬಂದು, ಕೈಯಿಂದ ಕಟ್ಟಿಗೆ ನಡೆಸುವ ಇಂಥ ಗರಗಸದ ಬಳಿ ತಳ್ಳುಗೋಲು ಇರಲೇಬೇಕೆಂದಿತು. ನಮ್ಮ ದೇಶದಲ್ಲಿ 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಅಡಿ ರಾಜ್ಯಗಳು ಮಾಡಿದ ನಿಯಮಗಳಲ್ಲೂ ಮರಗೆಲಸದ ಯಂತ್ರಗಳಿಗೆ ಇದೇ ಮಾತಿತ್ತು. ಆದರೆ ಆ ಕಾಯ್ದೆಯ ಲೆಕ್ಕದಲ್ಲಿ ಕರೆಂಟಿನಿಂದ ನಡೆಯುವ ಕೆಲಸದ ಜಾಗ ಕಾರ್ಖಾನೆ ಅನಿಸಿಕೊಳ್ಳಲು ಕನಿಷ್ಠ 10 ಜನ ಇರಬೇಕಿತ್ತು. ಇಬ್ಬರು ಮೂವರು ದುಡಿಯುವ ನಮ್ಮ ಅಂಗಡಿಗಳ ಬಾಗಿಲಿಗೆ ತಪಾಸಣೆಯವರು ಬರುವುದಿಲ್ಲ. ಆದ್ದರಿಂದ ಅಲ್ಲಿ ಕಾಯ್ದೆಯ ಕೆಲಸವನ್ನು ಅಂಗಡಿಯ ಯಜಮಾನನೇ ಮಾಡಬೇಕು.

ಅಮೆರಿಕದಂಥ ದೇಶದಲ್ಲೂ ಟೇಬಲ್ ಸಾದಿಂದ ಗಾಯಗೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುವವರು ವರ್ಷಕ್ಕೆ 30 ಸಾವಿರ ಮೀರುತ್ತಾರೆ. ಬೆರಳು ತಾಗಿದೊಡನೆ ಸೆಕೆಂಡಿನ ಇನ್ನೂರನೇ ಒಂದು ಭಾಗದಷ್ಟರಲ್ಲಿ ಬ್ಲೇಡನ್ನು ನಿಲ್ಲಿಸುವ ಸಾಸ್ಟಾಪ್ ಎಂಬ ಯಂತ್ರವೂ ಅಲ್ಲಿ ಇಪ್ಪತ್ತು ವರ್ಷಗಳಿಂದ ಮಾರಾಟಕ್ಕಿದೆ. ಅದರ ಬೆಲೆ ನಮ್ಮ ತಾಲೂಕಿನ ಬಡಿಗರ ಕೈಗೆಟುಕುವಂಥದ್ದಲ್ಲ. ಪ್ಲೈವುಡ್ ಚೂರು ಮಾತ್ರ ಎಲ್ಲರ ಅಂಗಡಿಯಲ್ಲೂ ಇದೆ.

ಕೈ ಕಳೆದುಕೊಂಡರೆ ಸಿಗುವುದೇನು? 2025ರವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ. 30 ನಷ್ಟ ಎಂದಿತ್ತು, ತೋರುಬೆರಳು ಪೂರ್ತಿ ಹೋದರೆ ಶೇ. 14, ಒಂದು ಕೈಯ ನಾಲ್ಕೂ ಬೆರಳು ಹೋದರೆ ಶೇ. 50. ಕಾಯ್ದೆಗೆ ಒಂದು ಅಂಕಿ ಬೇಕಿತ್ತು, ಬರೆದಿತ್ತು. ಆದರೆ ಹೆಬ್ಬೆರಳಿಲ್ಲದೆ ಉಳಿ ಹಿಡಿಯಲಾಗದು, ರಂದಾ ಒತ್ತಲಾಗದು. ಬಡಿಗನಿಗೆ ಅದು ಶೇ. 30 ಅಲ್ಲ, ಕಸುಬೇ.

ಎಷ್ಟು ಎಚ್ಚರವಿದ್ದರೂ ಅನಾಹುತಕ್ಕೆ ಸಿದ್ಧರಿರಬೇಕು. ದೇವದುರ್ಗದಿಂದ ರಾಯಚೂರಿಗೆ 50 ಕಿ.ಮೀ. ಮೀರಿದ ದಾರಿ, ಮಾನ್ವಿಯಿಂದ ಸುಮಾರು 45. ಬೆರಳಿಗೆ ಪೆಟ್ಟಾದರೆ ಮೊದಲು ಮಷೀನು ಬಂದ್. ಶುಭ್ರ ಬಟ್ಟೆಯಿಂದ ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲೆ ಎತ್ತಿಡಬೇಕು. ಸುಣ್ಣ, ಕಾಫಿಪುಡಿ, ಅರಿಸಿನ ಏನನ್ನೂ ಮೆತ್ತಬಾರದು. ಬೆರಳು ತುಂಡಾಗಿದ್ದರೆ ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ನೀರಿನಲ್ಲಿಟ್ಟು ಜೊತೆಗೇ ಒಯ್ಯಬೇಕು. ಬೆರಳನ್ನು ನೇರವಾಗಿ ಮಂಜುಗಡ್ಡೆಗೆ ತಾಗಿಸಬಾರದು. 108ಕ್ಕೆ ಕರೆ ಮಾಡಿ. ಬೆರಳು ಮರುಜೋಡಿಸುವ ಶಸ್ತ್ರಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿ ಆಗುತ್ತದೆ ಎಂದು ವೈದ್ಯರನ್ನು ಈಗಲೇ ಕೇಳಿ, ಆ ನಂಬರನ್ನು ಅಂಗಡಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿಡಿ.

ಇನ್ನೆರಡು ಕೆಲಸ ನಿಮಗೆ ಬಿಟ್ಟದ್ದು. ಕಟ್ಟಡಗಳಲ್ಲಿ ದುಡಿಯುವ ಬಡಿಗರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಅಪಘಾತವಾದರೆ ನೆರವು ಸಿಗುತ್ತದೆ. ಮಾನ್ವಿ, ದೇವದುರ್ಗದ ಕಟ್ಟಡಗಳಿಗೆ ಹೋಗಿ ದುಡಿಯುವ ನಿಮ್ಮ ಹುಡುಗರ ಹೆಸರು ಬರೆಸಿ. ಎರಡನೆಯದು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ. ಅದರ 18 ಕಸುಬುಗಳಲ್ಲಿ ಬಡಿಗತನವೂ ಒಂದು. ತರಬೇತಿಯೂ ಇದೆ, ಹತಾರಕ್ಕೆಂದು 15,000 ರೂಪಾಯಿಯ ನೆರವೂ ಇದೆ. ನಿಮ್ಮ ಕಡೆಯ ಬಡಿಗರು ಆ ತರಬೇತಿಗೆ ಹೋದರೆ ತಳ್ಳುಗೋಲು, ತಳ್ಳುಹಲಗೆ ಮಾಡಿಸಿ, ಅದರಲ್ಲೇ ಕೊಯ್ಯಿಸಿ ತೋರಿಸಿ ಎಂದು ಕೇಳಲಿ. ಕೇಳುವ ಹಕ್ಕು ಅವರಿಗಿದೆ.

ಮಗನಿಗೆ ನನ್ನ ಆಶೀರ್ವಾದ ತಿಳಿಸಿ. ಅವನ ಅಂಗಡಿ ಬೆಳೆಯಲಿ, ಆ ಹುಡುಗರೂ ನಾಳೆ ಉಸ್ತಾದರಾಗಲಿ. ಈ ಕಾಗದ ಓದಿದ ದಿನವೇ, ಮುಂದಿನ ಹಲಗೆ ಕೊಯ್ಯುವ ಮುಂಚೆ, ಮೂಲೆಯಲ್ಲಿ ಬಿದ್ದ ಕೋಲನ್ನು ಒರೆಸಿ ಮಷೀನಿನ ಬಲಕ್ಕೆ ತೂಗುಹಾಕಿಸಿ. ಉಳಿದ ಪ್ಲೈವುಡ್ಡಿನಲ್ಲಿ ಇನ್ನೂ ನಾಲ್ಕು ಕೋಲು, ಎರಡು ತಳ್ಳುಹಲಗೆ ಮಾಡಿಸಿ. ಪಕ್ಕದ ಅಂಗಡಿಯವರಿಗೂ ಒಂದೊಂದು ಕೊಡಿ. ಕೋಲು ಕೈಯಲ್ಲಿಲ್ಲದೆ ಯಾರೂ ಸ್ವಿಚ್ ಮುಟ್ಟಬಾರದು ಅನ್ನುವುದನ್ನು ನಿಮ್ಮ ಅಂಗಡಿಯ ಮೊದಲ ನಿಯಮ ಮಾಡಿ.

ನಿಮ್ಮ ಹಿತವನ್ನೇ ಬಯಸುವ
ಗೆಳೆಯ